'ಕನಿಷ್ಠ ಅರ್ಹತೆ' ಇಲ್ಲದ ಒಂಬತ್ತು ಕಂಪ್ಯೂಟರ್‌ಗಳು



ಸ್ವಲ್ಪ ಉದ್ದದ ಪೋಸ್ಟು. ಕಂಪ್ಯೂಟರ್ ವಿಷಯ ನಮಗ್ಯಾಕೆ ಅಂತ ಮುಂದೆ ಹೋಗ್ಬೇಡಿ. ಕೊನೇಲಿ ಒಂದು ಬೇಡಿಕೆನೂ ಇದೆ.

ನಮ್ಮೂರಿನ ಅಂಬೇಡ್ಕರ್ ಭವನದ ಹಿಂದಿನ ಕೋಣೆಯಲ್ಲಿ ಈಗ ಒಂಬತ್ತು ಕಂಪ್ಯೂಟರ್‌ಗಳಿವೆ. ಬೆಂಗಳೂರಿನ ಒಂದು ಖಾಸಗಿ ಕಚೇರಿಯವರು ತಮ್ಮ ಯಂತ್ರಗಳನ್ನೆಲ್ಲ ಬದಲಾಯಿಸುವಾಗ ಪರಿಚಯದವರೊಬ್ಬರ ಮೂಲಕ ನಮಗೆ ಬಂದವು. ಕೆಟ್ಟಿದ್ದವಾ ಅಂದ್ರೆ ಒಂದೂ ಕೆಟ್ಟಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಅಂದರೆ ಆಮೇಲೆ ಅದರಲ್ಲಿ ಹೊಸ ಭದ್ರತಾ ದೋಷ ಸಿಕ್ಕಿದರೆ ಮಾಮೂಲಿನಂತೆ ತೇಪೆ ಹಾಕಿ ಕೊಡೋರಿಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಿಸ್ತರಣೆ ಕೊಟ್ಟಿದ್ದಾರೆ. ಅದೂ ಹೆಸರು ನೋಂದಾಯಿಸಿಕೊಂಡವರಿಗೆ. ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಿ ಅಂತೀರಾ? ಹಾಕಲು ಹೋದರೆ ಪರದೆ ಮೇಲೆ ಒಂದು ಸಾಲು ಬರುತ್ತೆ, ನಿಮ್ಮಲ್ಲಿ ಕೆಲವರ ಮನೆಯಲ್ಲೂ ಬಂದಿರಬಹುದು. ಕನ್ನಡದಲ್ಲಿ ಹೇಳೋದಾದರೆ, 'ಈ ಕಂಪ್ಯೂಟರ್‌ಗೆ ಕನಿಷ್ಠ ಅರ್ಹತೆ ಇಲ್ಲ.'

ಅರ್ಹತೆ! ಈ ಪದ ಕೇಳಿದರೆ ನಮ್ಮಂಥವರ ಕಿವಿ ನೆಟ್ಟಗಾಗುತ್ತೆ. ಮೀಸಲಾತಿ ಅಂದ ತಕ್ಷಣ ನಮ್ಮ ಮುಖಕ್ಕೆ ಎಸೆಯುವ ಪದ ಇದೇ ಅಲ್ವಾ? ಹಾಗಾಗಿ ಈ ಅರ್ಹತೆಯನ್ನು ಯಾರು, ಯಾವ ಲೆಕ್ಕದಲ್ಲಿ ನಿಗದಿ ಮಾಡಿದರು ಅಂತ ಕೂತು ಓದಿದೆ.

ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರ್ 5ರಂದು. ಅದು ಕೇಳುವುದು ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದಿದ್ದೇ 2017ರಲ್ಲಿ. ಅಂದರೆ ಅದೇ ವರ್ಷದ ಆರಂಭದಲ್ಲಿ ಸಾಲ ಮಾಡಿ ಏಳನೇ ತಲೆಮಾರಿನ ಕಂಪ್ಯೂಟರ್ ತಗೊಂಡವನು ನಾಲ್ಕೇ ವರ್ಷಕ್ಕೆ ಅನರ್ಹ. ಇದರಲ್ಲಿ ಒಂದು ತಮಾಷೆ ಇದೆ. ಏಳನೇ ತಲೆಮಾರಿನಲ್ಲೂ ಬೆರಳೆಣಿಕೆಯಷ್ಟು ಪ್ರೊಸೆಸರ್‌ಗಳನ್ನು ಆಮೇಲೆ ಒಳಗೆ ಬಿಟ್ಟುಕೊಂಡರು. ಅದರಲ್ಲಿ ಒಂದು ಯಾವುದು ಗೊತ್ತಾ? ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ದುಬಾರಿ ಸರ್ಫೇಸ್ ಸ್ಟುಡಿಯೋ 2 ಯಂತ್ರದಲ್ಲಿದ್ದ ಪ್ರೊಸೆಸರ್. ಮ್ಯಾನೇಜ್‌ಮೆಂಟ್ ಕೋಟಾ ಅನ್ನೋದು ಕಾಲೇಜಿನಲ್ಲಿ ಮಾತ್ರ ಇಲ್ಲ.

ಟಿಪಿಎಂ ಸುಮ್ಮನೆ ಅಂತ ನಾನು ಹೇಳಲ್ಲ. ಡಿಸ್ಕನ್ನು ಗೂಢಲಿಪಿಗೆ ಹಾಕಿ ಅದರ ಕೀಲಿಯನ್ನು ಆ ಚಿಪ್ಪಿನಲ್ಲಿ ಇಟ್ಟರೆ ಡಿಸ್ಕ್ ಕದ್ದವನಿಗೂ ಒಳಗಿರೋದು ಸಿಗಲ್ಲ. ಒಳ್ಳೇದೇ. ಆದರೆ ಅದಿಲ್ಲದ ಯಂತ್ರಕ್ಕೆ ಅರ್ಜಿ ತುಂಬಲು, ಪತ್ರ ಟೈಪ್ ಮಾಡಲು, ಆನ್‌ಲೈನ್ ಪಾಠ ನೋಡಲು ಶಕ್ತಿ ಇಲ್ಲ ಅಂತ ಅದರ ಅರ್ಥ ಅಲ್ಲವಲ್ಲ.

ಈಗ ನಮ್ಮ ಒಂಬತ್ತರ ಜಾತಕ ಕೇಳಿ. ನಾಲ್ಕನೇ ತಲೆಮಾರಿನ ಐ3 ನಾಲ್ಕು, ಮೂರನೇ ತಲೆಮಾರಿನ ಐ5 ಎರಡು, ಆರನೇ ತಲೆಮಾರಿನ ಐ5 ಎರಡು. ಒಂದು ಅಜ್ಜ, ಕೋರ್ 2 ಡ್ಯುಯೋ. ಆರನೇ ತಲೆಮಾರಿನ ಎರಡರಲ್ಲಿ ಟಿಪಿಎಂ 2.0 ಇದೆ, ಎಂಟು ಜಿಬಿ ರ‍್ಯಾಮ್ ಇದೆ, ಎಲ್ಲಾ ಇದೆ. ಪ್ರೊಸೆಸರ್ ಹುಟ್ಟಿದ ವರ್ಷ ಮಾತ್ರ ಸರಿಯಿಲ್ಲ.

ಕೊಟ್ಟವರು ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಂಡಿದ್ದರು. ಅವರ ಲೆಕ್ಕಪತ್ರ ಇರುತ್ತಲ್ಲ, ಅದು ಸರಿಯೇ. ನಾವು ಚಂದಾ ಎತ್ತಿ ಒಂಬತ್ತಕ್ಕೂ 256 ಜಿಬಿಯ ಎಸ್‌ಎಸ್‌ಡಿ ತಂದೆವು. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್3 ರ‍್ಯಾಮ್ ಆರು ಪೀಸು ಸಿಕ್ಕವು. ಒಂಬತ್ತು ಗುಂಡಿ ಬ್ಯಾಟರಿ. ಎಲ್ಲ ಸೇರಿ ಹದಿನಾರು ಸಾವಿರ ಚಿಲ್ಲರೆ. ಹಳೇ ಯಂತ್ರ ನಿಧಾನ ಅಂತ ಗೊಣಗುವವರು ಮೊದಲು ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ ನೋಡಿ. ಅರ್ಧ ಕಾಯಿಲೆ ಅಲ್ಲೇ ವಾಸಿ.

ಆ ಗುಂಡಿ ಬ್ಯಾಟರಿ ಕತೆ ಹೇಳಲೇಬೇಕು. ಮದರ್‌ಬೋರ್ಡಿನಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಕೊಂಚ ಕಡಿಮೆ ಅಗಲದ ಬ್ಯಾಟರಿ ಇರುತ್ತೆ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋದು ಅದೇ. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗುತ್ತೆ. ಈಗಿನ ವೆಬ್‌ಸೈಟ್‌ಗಳಿಗೆಲ್ಲ ಒಂದು ಪ್ರಮಾಣಪತ್ರ ಇರುತ್ತೆ, ಅದಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಅಂತ ಅವಧಿ. ಕಂಪ್ಯೂಟರ್ ಇದು 2012ನೇ ಇಸವಿ ಅಂದುಕೊಂಡು ಕೂತಿದ್ದರೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ! ಬ್ರೌಸರ್ ಬಾಗಿಲು ಹಾಕಿಬಿಡುತ್ತೆ. ನಮ್ಮ ಹುಡುಗರು ಸ್ಕಾಲರ್‌ಶಿಪ್ ಪೋರ್ಟಲ್ ತೆರೆಯಲು ಹೋಗಿ, ಸಂಪರ್ಕ ಸುರಕ್ಷಿತವಲ್ಲ ಅನ್ನೋ ಕೆಂಪು ಎಚ್ಚರಿಕೆ ನೋಡಿ, 'ಅಣ್ಣ ಇವು ಆಗಲ್ಲ, ತುಂಬಾ ಹಳೇವು' ಅಂದ್ರು. ಮೂವತ್ತು ರೂಪಾಯಿಯ ಬ್ಯಾಟರಿ ಹಾಕಿ ತಾರೀಖು ಸರಿ ಮಾಡಿದ ಮೇಲೆ ಅದೇ ಪೋರ್ಟಲ್ ತೆರೆಯಿತು. ಎಷ್ಟು ಶಾಲೆಯ ಮೂಲೆಗಳಲ್ಲಿ ಇಂಥ ಕಂಪ್ಯೂಟರ್‌ಗಳು ಬಟ್ಟೆ ಹೊದ್ದುಕೊಂಡು ಕೂತಿವೆಯೋ!

ಆರನೇ ತಲೆಮಾರಿನ ಎರಡಕ್ಕೆ ವಿಂಡೋಸ್ 11 ಹಾಕಿದ್ದೇವೆ. ರುಫಸ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಎಂಟು ಜಿಬಿಯ ಪೆನ್‌ಡ್ರೈವಿಗೆ ವಿಂಡೋಸ್ ಬರೆಯುವಾಗಲೇ ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಪರೀಕ್ಷೆಗಳನ್ನು ತೆಗೆದುಹಾಕು ಅಂತ ಟಿಕ್ ಮಾಡಬಹುದು. ಆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹೊಸದಾಗಿ ಹಾಕಿದರೆ ಕುಳಿತುಕೊಳ್ಳುತ್ತೆ. ಇದು ಪೈರಸಿ ಅಲ್ಲ. ಮೊದಲು ವಿಂಡೋಸ್ 10 ಸಕ್ರಮವಾಗಿ ಆಕ್ಟಿವೇಟ್ ಆಗಿದ್ದ ಯಂತ್ರದಲ್ಲಿ ಪರವಾನಗಿ ಮದರ್‌ಬೋರ್ಡಿನ ಲೆಕ್ಕದಲ್ಲೇ ಇರುತ್ತೆ, ಡಿಸ್ಕ್ ಬದಲಾದರೂ ಗುರುತು ಹಿಡಿಯುತ್ತೆ. ಆದರೆ ಭರವಸೆ ಏನೂ ಇಲ್ಲ. ಇಂಥ ಯಂತ್ರಗಳಿಗೆ ಅಪ್ಡೇಟ್ ಕೊಡುವ ಬಾಧ್ಯತೆ ತಮಗಿಲ್ಲ ಅಂತ ಕಂಪನಿ ಮೊದಲೇ ಹೇಳಿಬಿಟ್ಟಿದೆ. ತಿಂಗಳ ಭದ್ರತಾ ಅಪ್ಡೇಟ್ ಸದ್ಯಕ್ಕೆ ಬರ್ತಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ನಾವೇ ಕೂರಬೇಕು.

ಅಜ್ಜನಿಗೆ ಆ ಭಾಗ್ಯವೂ ಇಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಕೆಲವು ಹೊಸ ಸೂಚನೆಗಳನ್ನು ಪ್ರೊಸೆಸರ್‌ನಿಂದಲೇ ಬಯಸುತ್ತೆ. ಕೋರ್ 2 ಡ್ಯುಯೋದಲ್ಲಿ ಅವು ಇಲ್ಲವೇ ಇಲ್ಲ. ಅದು ನಿಜವಾದ 'ಆಗಲ್ಲ'. ಯಾವ ಟಿಕ್ಕೂ ಕೆಲಸ ಮಾಡಲ್ಲ. ಯಂತ್ರಕ್ಕೆ ಆಗದೇ ಇರೋದು ಒಂದು, ಗೇಟಿನವನು ಬಿಡದೇ ಇರೋದು ಇನ್ನೊಂದು. ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದು ನೇತುಹಾಕಿದ್ದಾರೆ.

ಅಜ್ಜನೂ ಸೇರಿ ಉಳಿದ ಏಳಕ್ಕೆ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ. ದುಡ್ಡಿಲ್ಲ, 2029ರವರೆಗೆ ಅಪ್ಡೇಟ್ ಇದೆ. ಎಲ್ಲದಕ್ಕೂ ವಿಂಡೋಸ್ ಹಾಕೋಣ ಅಂದವರಿದ್ದರು. ನಾನು ಬೇಡ ಅಂದೆ. ಈ ಕೋಣೆಯಲ್ಲಿ ಮಕ್ಕಳು ಆಧಾರ್ ನಂಬರ್, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಾ ಟೈಪ್ ಮಾಡ್ತಾರೆ. ನಾಳೆ ಅಪ್ಡೇಟ್ ನಿಂತರೆ ಒಬ್ಬರ ಮನೆಯ ಮಾತಲ್ಲ.

ಲಿನಕ್ಸ್ ಅಂದ್ರೆ ಎಲ್ಲಾ ಸುಸೂತ್ರ ಅಂತ ಹೇಳುವ ಭಕ್ತ ನಾನಲ್ಲ. ನಮ್ಮಲ್ಲಿರುವ ಹಳೇ ಲೇಸರ್ ಪ್ರಿಂಟರ್ ಅದಕ್ಕೆ ಜಪ್ಪಯ್ಯ ಅಂದರೂ ಒಗ್ಗಲಿಲ್ಲ, ವಿಂಡೋಸ್ ಯಂತ್ರಕ್ಕೇ ಸಿಕ್ಕಿಸಿದ್ದೇವೆ. ಟ್ಯಾಲಿ ಕಲಿಯಬೇಕು ಅನ್ನೋ ಬಿಕಾಂ ಹುಡುಗರಿಗೂ ಅದೇ ಎರಡು. ಇನ್ನು ಕನ್ನಡ. ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ನುಡಿಯಲ್ಲೇ ಕುಟ್ಟಿದ ಕೈ ನನ್ನದು, ಲಿನಕ್ಸಲ್ಲಿ ಏನಪ್ಪಾ ಗತಿ ಅನ್ನಿಸಿತ್ತು. ಐಬಸ್ ಜೊತೆ ಎಂ17ಎನ್ ಅನ್ನೋದನ್ನ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ಸಿಗುತ್ತೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಅದೇ ನಮ್ಮ ಪರಿಚಯದ ಮಣೆ. ಎಫ್ ಒತ್ತಿ ಒತ್ತಕ್ಷರ ಕೊಡುವ ಬೆರಳಿಗೆ ಏನೂ ಬದಲಾವಣೆ ಇಲ್ಲ. ಹಳೇ ನೋಟ್ಸ್, ಹಳೇ ಕರಪತ್ರಗಳು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಇದ್ದವು. ತೆರೆದರೆ ಇಂಗ್ಲಿಷ್ ಅಕ್ಷರದ ಕಸ. ಆ ಫಾಂಟ್ ಫೈಲುಗಳನ್ನು ಲಿನಕ್ಸಿಗೂ ಹಾಕಿದ ಮೇಲೆ ನಮ್ಮ ಸಮಿತಿಯ ಹಳೆಯ ಕರಪತ್ರಗಳು ಓದಲು ಬಂದವು.

ಇಷ್ಟೆಲ್ಲ ತಾಂತ್ರಿಕ ಮಾತು. ನಿಜವಾದ ಜಗಳ ನಡೆದದ್ದು ಬೇರೆ ವಿಷಯಕ್ಕೆ.

ಕಂಪ್ಯೂಟರ್ ಬಂದ ಭಾನುವಾರ ಸಭೆಯಲ್ಲಿ ಎಂಎ ಓದುವ ನಮ್ಮ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. 'ಅಣ್ಣ, ಅವರು ಬೇಡ ಅಂದಿದ್ದು ನಮಗೆ ಯಾಕೆ ಬೇಕು? ನಿಮ್ಮವ್ವನಿಗೆ ಗೌಡ್ರ ಮನೇಲಿ ಹಳೇ ಸೀರೆ ಕೊಡ್ತಿದ್ರು. ನಮಗೆ ಹಳೇ ಕಂಪ್ಯೂಟರಾ?' ಹಿರಿಯರೊಬ್ಬರು 'ಕೊಟ್ಟಿದ್ದ ಇಸ್ಕೊಂಡು ಸುಮ್ನಿರವ್ವ' ಅಂದ್ರು. ಅವಳು ಸುಮ್ಮನಿರಲಿಲ್ಲ. ಇರಬಾರದು ಕೂಡ.

ಅವಳ ಪ್ರಶ್ನೆ ಹೊಸದಲ್ಲ. ಎಂಜಲು ಅನ್ನ, ಹಳೇ ಬಟ್ಟೆ ಶೂದ್ರನಿಗೆ ಕೊಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ವಿಧಿಯೇ ಇದೆ. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟಿದ್ದು ಅದೇ ಪುಸ್ತಕವನ್ನ. ಹಳೆಯದನ್ನು ಕೊಡುವುದು ನಮ್ಮ ದೇಶದಲ್ಲಿ ಬರೀ ದಾನ ಅಲ್ಲ, ನೀನು ಎಲ್ಲಿರಬೇಕು ಅಂತ ನೆನಪಿಸೋದು. ನನ್ನವ್ವ ಆ ಸೀರೆಗಳನ್ನ ಉಟ್ಟೇ ನನ್ನನ್ನ ಬಿಎ ಓದಿಸಿದಳು. ಉಟ್ಟಳು ಅನ್ನೋದೂ ನಿಜ, ಒಂದು ದಿನವೂ ಅವು ಚೆನ್ನಾಗಿವೆ ಅನ್ನಲಿಲ್ಲ ಅನ್ನೋದೂ ನಿಜ.

ನನ್ನ ವಾದ ಇಷ್ಟು. ಸೀರೆ ಕೊಟ್ಟವರ ಮುಂದೆ ಅವ್ವ ಬಾಗಿ ನಿಲ್ಲಬೇಕಿತ್ತು. ಇಲ್ಲಿ ನಾವು ಕಾಗದ ಕೇಳಿ ಪಡೆದಿದ್ದೇವೆ. ಪ್ರತಿ ಯಂತ್ರದ ಸೀರಿಯಲ್ ನಂಬರ್ ಬರೆದ ಹಸ್ತಾಂತರ ಪತ್ರ ಇದೆ, ಸ್ಟಾಕ್ ರಿಜಿಸ್ಟರ್‌ನಲ್ಲಿ ದಾಖಲೆ ಇದೆ. ಗುಮಾಸ್ತನ ಬುದ್ಧಿ ಅಂತ ನಗಬೇಡಿ, ಕಾಗದ ಇಲ್ಲದೆ ನಾವು ಕಳೆದುಕೊಂಡ ಜಮೀನು ಎಷ್ಟು ಅಂತ ನಿಮಗೆ ಗೊತ್ತು. ದಾನಿಗಳ ಫೋಟೋ, ಫ್ಲೆಕ್ಸು ಯಾವುದೂ ಹಾಕಲಿಲ್ಲ.

ಇನ್ನೊಂದು, ನಾವು ತಗೊಳ್ಳದಿದ್ದರೆ ಇವು ಎಲ್ಲಿಗೆ ಹೋಗ್ತಿದ್ದವು? ವಿಂಡೋಸ್ 10 ನಿಲ್ಲುವುದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರ್ ಕಸ ಸೇರಬಹುದು ಅಂತ ಕ್ಯಾನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು. ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, ಪರವಾನಗಿ ಪಡೆದ ಘಟಕಗಳಿವೆ. ಆದರೂ ದೆಹಲಿಯ ಸೀಲಂಪುರಕ್ಕೆ, ಬೆಂಗಳೂರಿನ ಗೋರಿಪಾಳ್ಯದಂಥ ಜಾಗಗಳಿಗೆ ಬಂದು ಬೀಳುವ ಮಾಲು ನಿಂತಿಲ್ಲ. ವೈರ್ ಸುಟ್ಟು ತಾಮ್ರ ತೆಗೆಯುವ ಹೊಗೆ, ಬೋರ್ಡಿನ ಸೀಸ ಯಾರ ಎದೆಗೆ ಹೋಗುತ್ತೆ? ಬಡ ಮುಸ್ಲಿಮರು, ನಮ್ಮ ಜನ. ಚಿಂದಿ ಆಯುವ ಚೀಲದ ಹಿಂದೆ ಯಾವ ಕೇರಿ ಇದೆ ಅಂತ ಬಿಡಿಸಿ ಹೇಳಬೇಕಾ? ಅದೇ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆಯೋದರ ಬದಲು ಸ್ಕ್ರೂಡ್ರೈವರಿನಿಂದ ಬಿಚ್ಚುವ ಕೈ ನಮ್ಮದಾಗಲಿ ಅಂದೆ.

ಅವಳು ಅರ್ಧ ಒಪ್ಪಿದಳು. ಉಳಿದರ್ಧಕ್ಕೆ ಅವಳು ಕೊಟ್ಟ ಉತ್ತರ ನನ್ನದಕ್ಕಿಂತ ಗಟ್ಟಿ. 'ಇವು ಬಂದವು ಅಂತ ಹೊಸದು ಕೇಳೋದು ನಿಲ್ಲಿಸ್ತೀರಿ, ನೋಡ್ತಿರಿ' ಅಂದಳು. ಅವಳು ಹೇಳಿದ್ದೇ ಆಯ್ತು. ಹಾಸ್ಟೆಲ್‌ಗೆ ಕಂಪ್ಯೂಟರ್ ಕೊಡಿ ಅಂತ ಅರ್ಜಿ ಹಿಡಿದು ಹೋದಾಗ ಅಧಿಕಾರಿಯೊಬ್ಬರು ನಗುತ್ತಾ, 'ನಿಮ್ಮ ಭವನದಲ್ಲೇ ಒಂಬತ್ತು ಇವೆಯಂತಲ್ರೀ?' ಅಂದ್ರು. ಸ್ವಾಮಿ, ಅದು ನಾವು ಚಂದಾ ಎತ್ತಿ ಎಬ್ಬಿಸಿಕೊಂಡಿದ್ದು. ನಮ್ಮ ಪಾಲಿನ ಹಣಕ್ಕೆ 2013ರಲ್ಲೇ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಇದೆ. ನಮ್ಮ ಕೈಚಳಕ ನಿಮ್ಮ ಖರ್ಚು ಉಳಿಸಲು ಅಲ್ಲ. ಈ ಮಾತನ್ನ ಇನ್ನಷ್ಟು ಮರ್ಯಾದೆಯ ಕನ್ನಡದಲ್ಲಿ ಅವಳೇ ಎರಡನೇ ಅರ್ಜಿ ಬರೆದಿದ್ದಾಳೆ. ಮೂರನೇ ತಲೆಮಾರಿನ ಐ5ನಲ್ಲಿ ಕೂತು ಬರೆದಳು. ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದಿದ್ದೇವೆ, ಉತ್ತರ ಬಂದಿಲ್ಲ.

ಈ ಸಲ ಸ್ಕಾಲರ್‌ಶಿಪ್ ಅರ್ಜಿ ಹಾಕಿದ ನಮ್ಮ ಬೀದಿಯ ಮಕ್ಕಳು ಯಾರೂ ಸೈಬರ್ ಸೆಂಟರಿನವರಿಗೆ ನೂರು, ನೂರೈವತ್ತು ಕೊಡಲಿಲ್ಲ. ಮನೇಲಿ ಕೂಲಿ ದಿನಕ್ಕೆ ಇಷ್ಟು ಅಂತ ಎಣಿಸೋರಿಗೆ ಅದು ಸಣ್ಣ ಮೊತ್ತ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಸ್‌ವರ್ಡು ಸೈಬರ್‌ನವನ ಡೈರಿಯಲ್ಲಿ ಇರೋದು ತಪ್ಪಿತು.

ಈಗ ಬೇಡಿಕೆ. ನಿಮ್ಮ ಮನೇಲೋ ಆಫೀಸಲ್ಲೋ ಡಿಡಿಆರ್3 ರ‍್ಯಾಮ್ ಇದ್ದರೆ ಕಳಿಸಿ, ಅಜ್ಜನಿಗೆ ಡಿಡಿಆರ್2 ಸಿಕ್ಕಿದರೆ ಇನ್ನೂ ಒಳ್ಳೇದು, ಎರಡು ಜಿಬಿಯಲ್ಲಿ ಏದುಸಿರು ಬಿಡ್ತಿದೆ. ಟೈಪಿಂಗ್ ಅಭ್ಯಾಸಕ್ಕೆ ಮಾತ್ರ ಇಟ್ಟಿದ್ದೇವೆ. ಕಳಿಸುವಾಗ ಒಂದು ಕಾಗದದಲ್ಲಿ ಏನು, ಎಷ್ಟು ಅಂತ ಬರೆದು ಸಹಿ ಹಾಕಿ, ರಿಜಿಸ್ಟರ್‌ಗೆ ಬೇಕು. ತಮ್ಮ ಊರಲ್ಲೂ ಇಂಥದ್ದೊಂದು ಕೋಣೆ ಮಾಡ್ತೀವಿ ಅನ್ನೋರು ಇನ್‌ಬಾಕ್ಸಿಗೆ ಬನ್ನಿ. ಪೆನ್‌ಡ್ರೈವ್ ಸಿದ್ಧ ಮಾಡಿಟ್ಟಿದ್ದೇನೆ, ಭಾನುವಾರ ಕಚೇರಿ ರಜೆ.

ಜೈಭೀಮ್.