ಸೆಲ್ಫ್ ಬಿಚ್ಚುವ ಮೊದಲು

ಆನೆಕೊಂಡ, ದಾವಣಗೆರೆ

ಪ್ರಿಯ ಗೆಳೆಯರೆ,

ಹರಿಹರದಿಂದ ನೀವು ಬರೆದ ಕಾಗದ ಕೈಸೇರಿತು. ನೆರೆ ಬಂದಾಗ ಇರಲೆಂದು ನೀವೆಲ್ಲ ಸೇರಿ ಇಟ್ಟುಕೊಂಡಿರುವ ದೋಣಿಯ ಔಟ್‌ಬೋರ್ಡ್ ಎಂಜಿನ್, ಸೆಲ್ಫ್ ಹೊಡೆದರೆ ನಿಧಾನಕ್ಕೆ ಎರಡು ಸುತ್ತು ತಿರುಗಿ ನಿಲ್ಲುತ್ತದೆ, ಹೊಸ ಸೆಲ್ಫ್ ಮೋಟಾರ್ ಹಾಕಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಬಿಚ್ಚುವ ಮೊದಲು ಅಳೆಯೋಣ.

ನಿಮ್ಮ ಎಂಜಿನ್ ವರ್ಷದ ಬಹುಪಾಲು ಸುಮ್ಮನೆ ಕೂತಿರುತ್ತದೆ. ಬ್ಯಾಟರಿ ಮಾತ್ರ ಅಷ್ಟೂ ದಿನ ತಾನಾಗಿಯೇ ಇಳಿಯುತ್ತಿರುತ್ತದೆ. ಇಳಿದ ಬ್ಯಾಟರಿಯ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಟ್ಟರೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬಾರದು. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇರಬೇಕು. ಆಮೇಲೆ ಸೆಲ್ಫ್ ಹೊಡೆಯುತ್ತಲೇ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಎಂಜಿನ್ ಬಿಗಿದು ಸೆಲ್ಫ್ ವಿಪರೀತ ಕರೆಂಟ್ ಎಳೆಯುತ್ತಿದೆ.

ಈ ಪರೀಕ್ಷೆಗೆ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಿಡಿ ಮಾತ್ರ ಬಂದ್ ಮಾಡಿ. ನೀರಿಲ್ಲದೆ ಓಡಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಬೇಗನೆ ಹಾಳಾಗುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಅದು ಹೋಗುವವರೆಗೆ ಏನನ್ನೂ ಮುಟ್ಟಬೇಡಿ. ಒಂದೊಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುನಡುವೆ ಸೆಲ್ಫ್ ಆರಲು ಬಿಡಿ.

ಬ್ಯಾಟರಿ ಸರಿಯಿದ್ದರೆ ಕೇಬಲ್ಲಿಗೆ ಬನ್ನಿ. ದೋಣಿಯಲ್ಲಿ ಬ್ಯಾಟರಿ ಒಂದು ಕಡೆ, ಎಂಜಿನ್ ಹಿಂಬದಿಯ ಹಲಗೆಯ ಮೇಲೆ. ನಡುವಿನ ಕೇಬಲ್ಲೇ ಕರೆಂಟಿನ ದಾರಿ. ಪಂಪ್‌ಸೆಟ್ ಎಷ್ಟೇ ದೊಡ್ಡದಿರಲಿ, ಪೈಪ್ ಕಿರಿದಾದರೆ ಹೊಲಕ್ಕೆ ನೀರು ಸಾಲದಲ್ಲವೇ? ಸೆಲ್ಫ್ 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ ಬರೀ 0.01 ಓಮ್ ತಡೆಯಿದ್ದರೂ ಒಂದೂವರೆ ವೋಲ್ಟ್ ಅಲ್ಲೇ ಮುಗಿದುಹೋಗುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೇ ಇಡಿ, ಕೇಬಲ್ ತುದಿಯ ಲಗ್ಗಿಗಲ್ಲ. ಇನ್ನೊಂದನ್ನು ಸೆಲ್ಫಿನ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಾಯಿಲೆ ಆ ದಾರಿಯಲ್ಲಿದೆ. ಮೈನಸ್ ಕಂಬದಿಂದ ಎಂಜಿನ್ನಿನ ಬಾಡಿಗೂ ಹೀಗೆಯೇ ನೋಡಿ. ಅಲ್ಲಿ ಇನ್ನೂ ಕಡಿಮೆ ಇರಬೇಕು. ಲಗ್ಗಿನ ಹತ್ತಿರ ಕೇಬಲ್ಲಿನ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ, ಉಬ್ಬಿದ್ದರೆ, ಒಂದಿಷ್ಟು ಸೀಳಿ ನೋಡಿ. ಹೊಳೆಯಬೇಕಾದ ತಾಮ್ರದ ಎಳೆಗಳು ಹಸಿರು ಪುಡಿ ಹಿಡಿದಿರುತ್ತವೆ. ಅಂಥ ಕೇಬಲ್ ಉಜ್ಜಿದರೆ ಸಾಲದು, ಅದೇ ದಪ್ಪದ್ದನ್ನು ಹೊಸದಾಗಿ ಹಾಕಬೇಕು.

ಅದೂ ಸರಿಯಿದ್ದರೆ ಬ್ಯಾಟರಿ ಕೇಬಲ್ ಕಳಚಿ, ಪ್ಲಗ್ ಬಿಚ್ಚಿ, ಫ್ಲೈವೀಲ್ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬಲವಂತ ಬೇಡ, ಮೆಕ್ಯಾನಿಕ್ ನೋಡಲಿ. ಸಲೀಸಾಗಿ ತಿರುಗಿದರೆ ಮಾತ್ರ ಸೆಲ್ಫಿನ ಸರದಿ. ಆಗಲೂ ಸವೆದ ಕಾರ್ಬನ್ ಬ್ರಶ್, ಬುಶ್ ಬದಲಿಸಿದರೆ ಎಷ್ಟೋ ಸಲ ಹಳೆಯದೇ ಸರಿಹೋಗುತ್ತದೆ. ಲಾರಿ, ಟ್ರ್ಯಾಕ್ಟರ್ ಸೆಲ್ಫ್ ರಿಪೇರಿ ಮಾಡುವವರು ನಮ್ಮೂರಲ್ಲೇ ಇದ್ದಾರೆ.

ತುಂಗಾ, ಭದ್ರಾ ಎರಡೂ ಜಲಾಶಯಗಳಿಂದ ನೀರು ಬಿಟ್ಟಾಗ ನಿಮ್ಮೂರಿನ ಗಂಗಾನಗರದ ಮನೆಗಳವರಿಗೆ ಎಂಥ ಆತಂಕವೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ಹೊತ್ತಿನಲ್ಲಿ ರಿಪೇರಿಗೆ ಸಮಯವಿರುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡಿ. ಡ್ರಮ್ಮಿನಲ್ಲಿ ನೀರು ತುಂಬಿಸಿ, ಎಂಜಿನ್ನಿನ ಕಾಲು ಮುಳುಗಿಸಿ ಒಂದಿಷ್ಟು ಹೊತ್ತು ಓಡಿಸಿ.

ಸದ್ಯಕ್ಕೆ ಮೂರು ಅಂಕಿ ಬರೆದು ಕಳಿಸಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟ್, ಪ್ಲಸ್ ಕೇಬಲ್ಲಿನದು, ಮೈನಸ್ಸಿನದು. ಹೊಸ ಸೆಲ್ಫ್ ಬೇಕೋ ಬೇಡವೋ ಎಂದು ಆಗ ಧೈರ್ಯವಾಗಿ ಹೇಳುತ್ತೇನೆ.

ನಿಮ್ಮ ವಿಶ್ವಾಸಿ