ಕಿಡಿ ಹೊತ್ತುವ ಹೊತ್ತು

ಹಳೇ ಅಂಬಾಸಿಡರ್ ಸಾಕಿಕೊಂಡವನನ್ನು ನಮ್ಮ ಕಡೆ ಯಾರೂ ಮೈಲೇಜು ಎಷ್ಟು ಅಂತ ಕೇಳುವುದಿಲ್ಲ. ಕೇಳಿದರೆ ಅವನು ಬೇಜಾರು ಮಾಡಿಕೊಂಡಾನು ಎಂಬ ದಾಕ್ಷಿಣ್ಯ. ಅದರ ಬದಲು, ಟೈಮಿಂಗ್ ಯಾರ ಹತ್ತಿರ ಇಡಿಸುತ್ತೀರಿ ಅಂತ ಕೇಳುತ್ತಾರೆ. ನನ್ನ ಉತ್ತರ ಎರಡು ದೋಣಿಯದು. ಮಡಕಶಿರಾದಲ್ಲೊಬ್ಬ ಮೇಸ್ತ್ರಿ, ರಾಯದುರ್ಗದಲ್ಲೊಬ್ಬ ಮೇಸ್ತ್ರಿ. ಒಂದು ನನ್ನ ಹುಟ್ಟೂರು, ಇನ್ನೊಂದು ಹೆಂಡತಿಯ ತವರು. ಗಾಡಿ ಎರಡೂ ಊರಲ್ಲಿ ಪಕ್ಷಪಾತವಿಲ್ಲದೆ ಕೆಮ್ಮುತ್ತದೆ.

ಮಡಕಶಿರಾದಿಂದ ಪಾವಗಡದ ಮೇಲೆ ಹಾದು, ಕಲ್ಯಾಣದುರ್ಗ ಹಿಡಿದು ರಾಯದುರ್ಗ ಮುಟ್ಟುವುದೆಂದರೆ ಆಂಧ್ರದಲ್ಲಿ ಹೊರಟು, ಕರ್ನಾಟಕದಲ್ಲಿ ಚಹ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುವುದು. ನಕ್ಷೆ ನೋಡಿದವರಿಗೆ ಇದು ತಮಾಷೆ, ನಮಗೆ ದಿನದ ದಾರಿ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ. ಆದವಾನಿ, ಆಲೂರುಗಳ ಜೊತೆ ಅದನ್ನು ಹೊಸ ಆಂಧ್ರಕ್ಕೆ ಕೊಟ್ಟು, ಉಳಿದದ್ದನ್ನು ಮೈಸೂರಿಗೆ ಸೇರಿಸಿದರು. ಮಡಕಶಿರಾ ಆಗಲೇ ಅನಂತಪುರದ ಪಾಲು. 2022ರಲ್ಲಿ ಜಿಲ್ಲೆ ಒಡೆದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ನನ್ನ ಗಾಡಿಗೆ ಇದನ್ನು ಯಾರೂ ತಿಳಿಸಿಲ್ಲ, ಅದರ ನಂಬರು ಈಗಲೂ ಎಪಿ 02. ಪೆಟ್ರೋಲು ಮಾತ್ರ ಪಾವಗಡದ್ದು. ಆಂಧ್ರಕ್ಕಿಂತ ಕರ್ನಾಟಕದಲ್ಲಿ ಲೀಟರಿನ ಬೆಲೆ ಕಡಿಮೆ ಇರುವವರೆಗೆ ಗಡಿಯ ಗಾಡಿಗಳ ಟ್ಯಾಂಕು ಕನ್ನಡದ್ದೇ.

ಈಗ ಟೈಮಿಂಗಿನ, ಅಂದರೆ ಕಿಡಿ ಹೊತ್ತುವ ಗಳಿಗೆಯ ವಿಷಯ. ಪಿಸ್ಟನ್ ಪೂರ್ತಿ ಮೇಲೆ ಬಂದು, ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿದ ಮೇಲೆ ಪ್ಲಗ್ಗು ಕಿಡಿ ಕೊಡುತ್ತದೆ, ಢಂ ಅಂತ ಉರಿದು ಪಿಸ್ಟನ್ ಕೆಳಗೆ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಹಾಗೆ ಇಟ್ಟರೆ ಗಾಡಿ ಏರು ಹತ್ತುವುದಿಲ್ಲ. ಸಿಲಿಂಡರಿನೊಳಗಿನದು ಸ್ಫೋಟವಲ್ಲ, ಉರಿ. ಅದು ಪ್ಲಗ್ಗಿನ ಬಾಯಿಂದ ಹೊರಟು ಮೂಲೆಮೂಲೆ ಮುಟ್ಟಲು ಸಮಯ ಬೇಕು. ಹೆಚ್ಚುಕಡಿಮೆ ಒಂದು ಸೆಕೆಂಡಿನ 500ರಲ್ಲೊಂದು ಭಾಗ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 600 ಸುತ್ತಿನಲ್ಲಿ ಗಾಡಿ ನಿಂತಲ್ಲೇ ಗುರುಗುಟ್ಟುವಾಗ ಅಷ್ಟು ಹೊತ್ತಿಗೆ ಕ್ರ್ಯಾಂಕು 7 ಡಿಗ್ರಿ ತಿರುಗುತ್ತದೆ. 3000 ಸುತ್ತಿನಲ್ಲಿ ಓಡುವಾಗ ಅಷ್ಟೇ ಹೊತ್ತಿಗೆ 36 ಡಿಗ್ರಿ. ಉರಿಯ ಒತ್ತಡ ಶಿಖರ ಮುಟ್ಟಬೇಕಾದದ್ದು ಪಿಸ್ಟನ್ ಮೇಲಿನ ತುದಿ ದಾಟಿ 15 ಡಿಗ್ರಿ ಆಸುಪಾಸಿನಲ್ಲಿ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹಚ್ಚಬೇಕು, ವೇಗ ಹೆಚ್ಚಿದಂತೆ ಇನ್ನೂ ಮುಂಚೆ ಹಚ್ಚಬೇಕು.

ಫೋರ್ಡಿನ ಮಾಡೆಲ್ ಟಿ ಕಾಲದಲ್ಲಿ ಇದು ಡ್ರೈವರನದೇ ಕೆಲಸ. ಸ್ಟೀರಿಂಗಿನ ಎಡಗಡೆ ಒಂದು ಕಡ್ಡಿ ಇರುತ್ತಿತ್ತು, ಓಡುತ್ತ ಓಡುತ್ತ ಕಿಡಿಯನ್ನು ಹಿಂದೆಮುಂದೆ ಮಾಡುತ್ತಿದ್ದರು. ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್‌ಗೆ ಮಾಡಿಕೊಟ್ಟ ಬ್ಯಾಟರಿ, ಕಾಯಿಲು, ಪಾಯಿಂಟುಗಳ ಜೋಡಣೆಯ ವಂಶಸ್ಥನೇ ನನ್ನ ಅಂಬಾಸಿಡರಿನ ಡಿಸ್ಟ್ರಿಬ್ಯೂಟರು, ನಮ್ಮ ಬಾಯಲ್ಲಿ ಡೆಲ್ಕೋ. ಅದರ ಹೊಟ್ಟೆಯಲ್ಲಿ ಸ್ಪ್ರಿಂಗು ಕಟ್ಟಿದ ಎರಡು ತೂಕದ ತುಂಡುಗಳಿವೆ. ವೇಗ ಏರಿದಂತೆ ಅವು ಹೊರಕ್ಕೆ ಸಿಡಿದು ಕಿಡಿಯನ್ನು ಮುಂದಕ್ಕೆ ತಳ್ಳುತ್ತವೆ. ಪಕ್ಕದ ವ್ಯಾಕ್ಯೂಮ್ ಡಬ್ಬಿ, ಆಕ್ಸಿಲರೇಟರು ಹಗುರಾಗಿದ್ದಾಗ ಇನ್ನಷ್ಟು ಮುಂದೆ ಎಳೆಯುತ್ತದೆ. ಮೇಸ್ತ್ರಿ ಇಡಬೇಕಾದದ್ದು ಬರೀ ಮೊದಲ ಗುರುತು, ಅಷ್ಟೆ. ಆ ಅಷ್ಟರಲ್ಲೇ ಮಡಕಶಿರಾಕ್ಕೂ ರಾಯದುರ್ಗಕ್ಕೂ ಜಗಳ.

ಮಡಕಶಿರಾದವರು ಬಲ್ಬಿನ ಪಂಗಡ. ಅವರ ಆಚಾರ ದೊಡ್ಡದು. ಮೊದಲು ಪಾಯಿಂಟು, ಅಂದರೆ ಡೆಲ್ಕೋದೊಳಗೆ ಬಾಯಿ ತೆರೆದಾಗ ಕಿಡಿ ಕೊಡಿಸುವ ಸ್ವಿಚ್ಚು. ಮರಳು ಕಾಗದದಲ್ಲಿ ಉಜ್ಜಿ, ಬಾಯಿ ಪೂರ್ತಿ ತೆರೆದಾಗ ಸಂದು 0.4 ಮಿಲಿಮೀಟರ್ ಇರುವಂತೆ ಫೀಲರ್ ಗೇಜಿನ ಎಸಳು ತೂರಿಸಿ ನೋಡುತ್ತಾರೆ. ಪಾಯಿಂಟು ಮುಗಿಸದೆ ಟೈಮಿಂಗ್ ಮುಟ್ಟುವವರನ್ನು ಅವರು ಮನುಷ್ಯರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಸಂದು ಬದಲಾದರೆ ಕಿಡಿಯ ಗಳಿಗೆಯೂ ಬದಲಾಗುತ್ತದೆ. ಆಮೇಲೆ ಒಂದನೇ ನಂಬರಿನ ಪ್ಲಗ್ಗು ಬಿಚ್ಚಿ, ಆ ತೂತಿಗೆ ಕಾಗದದ ಉಂಡೆ ತುರುಕಿ, ಹ್ಯಾಂಡಲಿನಲ್ಲಿ ಎಂಜಿನ್ನು ತಿರುಗಿಸುತ್ತಾರೆ. ಪಿಸ್ಟನ್ ಮೇಲೆ ಬರುವುದು ಎರಡು ಸಲ. ಒಂದು ಹೊಗೆ ಉಗುಳುವುದಕ್ಕೆ, ಇನ್ನೊಂದು ಒತ್ತುವುದಕ್ಕೆ. ಉಂಡೆ ಟಪ್ಪನೆ ಹಾರಿದ್ದೇ ನಮಗೆ ಬೇಕಾದ ಸಲ. ಅಲ್ಲಿಂದ ಮೆಲ್ಲಗೆ, ಫ್ಯಾನ್ ಬೆಲ್ಟಿನ ಪುಲ್ಲಿಯ ಮೇಲೆ ಎಣ್ಣೆ-ಮಣ್ಣು ಮೆತ್ತಿದ ಗುರುತನ್ನು ಹುಡುಕಿ, ಸೀಮೆಸುಣ್ಣ ಬಳಿದು, ಕಂಪನಿಯ ಬುಕ್ಕಿನ ಡಿಗ್ರಿಗೆ ತಂದು ನಿಲ್ಲಿಸುವುದು. ಪಾಯಿಂಟಿನ ವೈರಿಗೂ ಬಾಡಿಗೂ ನಡುವೆ ಪುಟ್ಟ ಬಲ್ಬು. ಕೀ ತಿರುಗಿಸಿ, ಡೆಲ್ಕೋದ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುವಿದರೆ ಬಲ್ಬು ಹತ್ತುತ್ತದೆ. ಪಾಯಿಂಟು ಬಾಯಿ ಬಿಟ್ಟ ಗಳಿಗೆ ಅದು, ಕಿಡಿಯ ಗಳಿಗೆಯೂ ಅದೇ. ರೋಟರಿಗೆ ಎದುರಾಗಿ ತಿರುಗಿಸಿದರೆ ಅಡ್ವಾನ್ಸು, ಅದರ ಜೊತೆಗೆ ತಿರುಗಿಸಿದರೆ ರಿಟಾರ್ಡು. ಡೆಲ್ಕೋ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿಯ ಒಂದು ಡಿಗ್ರಿ ಅಲ್ಲಿ ಎರಡಾಗುತ್ತದೆ. ಬೋಲ್ಟು ಬಿಗಿಯುವಾಗ ಕಳ್ಳತನದಿಂದ ಒಂಚೂರು ಸರಿಯುವುದೂ ಉಂಟು, ಹಾಗಾಗಿ ಬಿಗಿದ ಮೇಲೆ ಇನ್ನೊಮ್ಮೆ ಬಲ್ಬು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಬಲ್ಬು ಸುಳ್ಳು ಹೇಳಲ್ಲ ಕಣಣ್ಣ" ಅನ್ನುತ್ತಾರೆ.

ರಾಯದುರ್ಗದವರ ಮುಂದೆ ಈ ಮಾತು ಎತ್ತಿದೆ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಬಲ್ಬಿಗೇನ್ ಗೊತ್ರೀ, ಅದೇನು ಗಾಡ್ಯಾಗ ಕುಂತು ಏರು ಹತ್ತೈತೇನು?" ಅಂದರು.

ಅವರ ವಾದದಲ್ಲಿ ತಿರುಳಿದೆ. ಬುಕ್ಕಿನ ಡಿಗ್ರಿ ಹೊಸ ಎಂಜಿನ್ನಿನದು. ಅಂಬಾಸಿಡರಿನ 1489 ಸಿಸಿ ಎಂಜಿನ್ನು ಮಾರಿಸ್ ಆಕ್ಸ್‌ಫರ್ಡಿನ ಕಾಲದ್ದು. ಅಂದಿನ ಪೆಟ್ರೋಲಿನಲ್ಲಿ ಸೀಸ ಇತ್ತು, ಅದು ನಮ್ಮ ದೇಶದಲ್ಲಿ 2000ದ ಫೆಬ್ರವರಿಗೆ ಪೂರ್ತಿ ಹೋಯಿತು, ಈಗಿನದರಲ್ಲಿ ಎಥನಾಲ್ ಬೆರೆತಿದೆ. ಅದಕ್ಕಿಂತ ದೊಡ್ಡದು ಸವೆತ. ಪಾಯಿಂಟಿನ ಹಿಮ್ಮಡಿ ಸವೆದರೆ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ. ಟೈಮಿಂಗ್ ಚೈನು ಹಿಗ್ಗಿದರೆ ಕ್ಯಾಮ್‌ಶಾಫ್ಟು ಹಿಂದೆ ಬೀಳುತ್ತದೆ, ಅದರಿಂದ ತಿರುಗುವ ಡೆಲ್ಕೋ ಕೂಡ ಹಿಂದೆ. ವ್ಯಾಕ್ಯೂಮಿನ ರಬ್ಬರು ಹರಿದರೆ ಅದೂ ತಡವೇ. ಮುದಿ ಎಂಜಿನ್ನಿನಲ್ಲಿ ಕೆಡುವುದು ಹೆಚ್ಚಾಗಿ ತಡದ ಕಡೆಗೇ ಕೆಡುತ್ತದೆ, ಅದೂ ದಿನಕ್ಕೆ ಎಳ್ಳಷ್ಟು. ಓಡಿಸುವವನಿಗೆ ತಿಳಿಯುವುದೇ ಇಲ್ಲ. ಪಿಕಪ್ ಹೋಯಿತು, ರೇಡಿಯೇಟರು ಕುದಿಯಿತು, ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯಿತು ಅಂತ ಕಾರ್ಬುರೇಟರನ್ನು ಬೈಯುತ್ತ ಕೂರುತ್ತಾನೆ.

ಹಾಗಾಗಿ ರಾಯದುರ್ಗದವರು ಡೆಲ್ಕೋ ಅಂದಾಜಿಗೆ ಕೂರಿಸಿ, ಬೋಲ್ಟು ಅರೆಬಿಗಿ ಮಾಡಿ, ಮೊಳಕಾಲ್ಮೂರಿನ ಕಡೆ ಒಂದು ಏರಿಗೆ ಕರೆದೊಯ್ಯುತ್ತಾರೆ. ಸಮಯವೂ ಅವರದೇ ಆಯ್ಕೆ: ನಡು ಮಧ್ಯಾಹ್ನ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು ಇಲ್ಲಿ ವಿಶೇಷವಲ್ಲ. ಬಿಸಿ ಗಾಳಿ ಎಳೆದುಕೊಂಡ ಎಂಜಿನ್ನು ಬೇಗ ನಾಕ್ ಹೊಡೆಯುತ್ತದೆ, ಪರೀಕ್ಷೆ ಅಂಥ ಹೊತ್ತಿನಲ್ಲೇ ಆಗಬೇಕು. ಟಾಪ್ ಗೇರಿನಲ್ಲಿ, ನಿಧಾನದಲ್ಲಿ, ಆಕ್ಸಿಲರೇಟರು ಪೂರ್ತಿ ತುಳಿ ಅನ್ನುತ್ತಾರೆ. ತುಳಿದರೆ ಬಾನೆಟ್ಟಿನೊಳಗೆ ಒಣಗಿದ ಶೇಂಗಾ ಬುಡ್ಡೆ ಅಲ್ಲಾಡಿಸಿದ ಹಾಗೆ ಗಿಲಿಗಿಲಿ. ಕಿಡಿ ಮುಂಚೆಯೇ ಬಿದ್ದು, ಉರಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವ ಸದ್ದು, ನಾಕ್ ಅಂದರೆ ಇದೇ. ಇಳಿದು ಒಂದಿಷ್ಟು ಹಿಂದೆ ತಿರುವುತ್ತಾರೆ. ಮತ್ತೆ ಏರು. ಗಿಲಿಗಿಲಿ ಒಂದೆರಡು ಕ್ಷಣ ಕೇಳಿ ಅಡಗಬೇಕು. ಪೂರ್ತಿ ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. "ಸ್ವಲ್ಪ ಕಡೀಬೇಕ್ರೀ, ಇಲ್ಲಾಂದ್ರ ಮಲಗೈತಿ ಅಂತ ಅರ್ಥ." ಅತಿಯಾದರೆ ಪಿಸ್ಟನ್ನಿನ ತಲೆಯೇ ತೂತಾದೀತು, ಹ್ಯಾಂಡಲು ಹೊಡೆಯುವವನ ಮಣಿಕಟ್ಟಿಗೂ ಅಪಾಯ. ಕಿಡಿ ತೀರಾ ಮುಂಚೆ ಬಿದ್ದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕೆಂದು ಹಳಬರು ಗದರುತ್ತಿದ್ದುದು ಇದಕ್ಕೇ.

ನನ್ನ ಮತ ಕೇಳಿದರೆ ಬಲ್ಬಿನಿಂದ ಶುರು ಮಾಡಿ ಏರಿನಲ್ಲಿ ಮುಗಿಸುವುದು ಸರಿ, ಕೊನೆಯ ಮಾತು ಕಿವಿಯದು. ಇದು ಹಳ್ಳಿಗಾಡಿನ ಮೊಂಡುವಾದವಲ್ಲ. ಈಗಿನ ಕಾರುಗಳಲ್ಲಿ ಎಂಜಿನ್ನಿಗೆ ಅಂಟಿಸಿರುವ ನಾಕ್ ಸೆನ್ಸರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಬಡಿತ ಕೇಳಿದೊಡನೆ ಕಂಪ್ಯೂಟರು ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಅಡಗಿದ ಮೇಲೆ ಮೆಲ್ಲಗೆ ಮುಂದೆ ಬಿಡುತ್ತದೆ. ಬೀಡಿಯೊಂದಿಲ್ಲ.

ಪಾಯಿಂಟು ಕಿತ್ತು ಅಲ್ಲಿ ಅಯಸ್ಕಾಂತದ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಅಂತ ಬೆಂಗಳೂರಿನ ನೆಂಟರು ಹೇಳುತ್ತಿರುತ್ತಾರೆ. ಸವೆಯುವುದಿಲ್ಲ, ಕಿಡಿ ಗಟ್ಟಿ, ಎಲ್ಲ ನಿಜ. ಆದರೆ ಅದು ಕಲ್ಯಾಣದುರ್ಗ ದಾಟಿದ ಮೇಲೆ ಸತ್ತರೆ ಹೊತ್ತು ಮುಳುಗುವವರೆಗೆ ಜಾಲಿಮರದ ನೆರಳೇ ಗತಿ. ಪಾಯಿಂಟಾದರೆ ಬೆಂಕಿಪೊಟ್ಟಣದ ಪಕ್ಕೆಯಲ್ಲಿ ಉಜ್ಜಿ, ಅದೇ ಪೊಟ್ಟಣದ ರಟ್ಟು ತೂರಿಸಿ ಸಂದು ಇಟ್ಟುಕೊಂಡು ಊರು ಸೇರಬಹುದು. ನಮ್ಮ ಕಡೆ ಕಿಟ್ ಹಾಕಿಸಿಕೊಂಡವರೂ ಹಳೇ ಪಾಯಿಂಟು ಸೆಟ್ಟು, ಕಂಡೆನ್ಸರು, ಒಂದು ಸ್ಕ್ರೂಡ್ರೈವರನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ.