ತಿರುಗಿಸಿ ಹಾಕು

ಹಬ್ಬದ ಹಿಂದಿನ ದಿನ ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿರುವಾಗ ನಮ್ಮ ಅಮ್ಮ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರನ್ನು ಇಟ್ಟುಕೊಳ್ಳುವಳು. ಸೌಟಿನಿಂದ ಒಂದು ತೊಟ್ಟು ಪಾಕವನ್ನು ಆ ನೀರಿಗೆ ಬಿಟ್ಟು ಬೆರಳಿನಿಂದ ಉರುಟಿ ನೋಡುವಳು. ಉಂಡೆಯಾಯಿತೋ, ಪಾಕ ಬಂದಿತು; ಕರಗಿಹೋಯಿತೋ, ಇನ್ನಷ್ಟು ಕುದಿಯಬೇಕು. ಪರೀಕ್ಷೆಯೆಂದರೆ ಅದಕ್ಕಿಂತ ಸರಳವೂ ನ್ಯಾಯವೂ ಆದುದನ್ನು ನಾನು ಬಹುಕಾಲ ಕಂಡಿರಲಿಲ್ಲ. ಶಾಲೆಯಲ್ಲಿ ನಾನು ಬಲ್ಲ ಪರೀಕ್ಷೆಯೇ ಬೇರೆ. ಉತ್ತರಪತ್ರಿಕೆ ತಿದ್ದಿ ಕೈಗೆ ಬರುವ ವೇಳೆಗೆ ಒಲೆ ಆರಿ, ಪಾಕ ತಣ್ಣಗಾಗಿ, ನಾನು ಬರೆದ ತಪ್ಪು ಯಾವುದೆಂಬುದೇ ಮರೆತುಹೋಗಿರುತ್ತಿತ್ತು.

ಹತ್ತನೆಯ ತರಗತಿ ಮುಗಿಸಿ ಈ ನಗರದಲ್ಲಿಯೇ ಒಂದು ಕೈಗಾರಿಕಾ ತರಬೇತಿ ಸಂಸ್ಥೆಗೆ ಫಿಟ್ಟರ್ ಕೆಲಸ ಕಲಿಯಲು ಸೇರಿದೆ. ಎರಡು ವರ್ಷದ ವ್ಯಾಸಂಗ. ನೆಂಟರಿಷ್ಟರು ಮರುಕಪಟ್ಟರು. ಓದು ಹತ್ತದವರು ಹೋಗುವ ಜಾಗವದು ಎಂಬುದು ಅವರ ಎಣಿಕೆ. ತಂದೆಯವರಿಗೂ ಮನಸ್ಸಿರಲಿಲ್ಲ; ಆದರೂ ಶುಲ್ಕ ಕಟ್ಟಿ, “ಒಂದು ವರ್ಷ ನೋಡೋಣ” ಎಂದರು. ಆ ಮಾತು ಗಡುವಿನಂತೆ ನನ್ನ ತಲೆಯ ಮೇಲೆ ತೂಗುತ್ತಿತ್ತು.

ಕಾರ್ಯಾಗಾರದ ಭಾಷೆ ತಮಿಳು, ಪುಸ್ತಕದ ಭಾಷೆ ಇಂಗ್ಲಿಷು, ನನ್ನದೋ ಕನ್ನಡ. ಮೊದಲ ದಿನ ಹೆದರಿಕೊಂಡೇ ಹೋದೆ. ಬೋಧಕರು ಮೇಜಿನ ಮೇಲಿದ್ದ ಸಲಕರಣೆಗಳನ್ನು ಒಂದೊಂದಾಗಿ ಎತ್ತಿ ಹೆಸರು ಹೇಳಿದರು: ಅರಂ, ಉಳಿ, ಸುತ್ತಿಯಲ್. ನನ್ನ ಅಜ್ಜನ ಊರಿನ ಬಡಗಿಯ ಅರ, ಉಳಿ, ಸುತ್ತಿಗೆಗಳೇ ಅಲ್ಲಿ ಕುಳಿತಿದ್ದುವು! ಅರ್ಧ ಭಯ ಅಲ್ಲಿಯೇ ಇಳಿಯಿತು.

ಮೊದಲ ವಾರಗಳೆಲ್ಲ ಅರ ಆಡಿಸುವುದೇ ಕೆಲಸ. ಉಕ್ಕಿನ ತುಂಡನ್ನು ವೈಸಿಗೆ ಬಿಗಿದು ಸಮತಟ್ಟಾಗಿ ಉಜ್ಜಬೇಕು. ಸುಲಭವೆಂದು ಕಾಣುತ್ತದೆ, ಆದರೆ ಕಲಿಯುವವನ ಕೈಯಲ್ಲಿ ಅರ ತಕ್ಕಡಿಯಂತೆ ಏರಿಳಿದು ತುಂಡಿನ ನಡುಭಾಗ ಉಬ್ಬಿ ನಿಲ್ಲುತ್ತದೆ. ಬೋಧಕರು ಈ ಕೆಲಸವನ್ನು ಮೂರು ಸಲ ತೋರಿಸುತ್ತಿದ್ದರು. ಒಮ್ಮೆ ಮಾತಿಲ್ಲದೆ, ಒಮ್ಮೆ ಕಾಲು ಎಲ್ಲಿ, ಮೊಣಕೈ ಎಲ್ಲಿ, ಭಾರ ಯಾವಾಗ ಯಾವ ಕೈಗೆ ಎಂದು ಹೇಳುತ್ತ, ಮೂರನೆಯ ಸಲ ನಮ್ಮಲ್ಲೊಬ್ಬನನ್ನು ನಿಲ್ಲಿಸಿ ಅವನ ಬಾಯಿಂದಲೇ ಹೇಳಿಸುತ್ತ. ಬಳಿಕ ಮೂಲೆಮಟ್ಟವನ್ನು ನಮ್ಮ ಕೈಗೇ ಕೊಟ್ಟುಬಿಡುವರು. ಅದನ್ನು ತುಂಡಿನ ಮೇಲಿಟ್ಟು ಕಿಟಕಿಯತ್ತ ಹಿಡಿದರೆ, ಸಂದಿನಲ್ಲಿ ಬೆಳಕು ನುಸುಳುವ ಕಡೆ ತಗ್ಗು, ನುಸುಳದ ಕಡೆ ಉಬ್ಬು. ತಪ್ಪು ಎಲ್ಲಿದೆಯೆಂದು ಅವರು ಹೇಳುತ್ತಲೇ ಇರಲಿಲ್ಲ. ಸಂಜೆ ತುಂಡಿಗೆ ಎಣ್ಣೆ ಸವರಿಡಬೇಕು. ಮರೆತರೆ ಈ ಊರಿನ ಕಡಲಗಾಳಿ ಬೆಳಗಾಗುವುದರೊಳಗೆ ತನ್ನ ಅಂಕವನ್ನು ಕೆಂಪು ಶಾಯಿಯಲ್ಲಿ ಹಾಕಿಡುತ್ತಿತ್ತು.

ಮೊದಲ ಪಾಠಗಳಲ್ಲಿ ಅರ್ಧ ಮಿಲಿಮೀಟರಿನ ತಪ್ಪನ್ನು ಕ್ಷಮಿಸುತ್ತಾರೆ. ಮುಂದೆ ‘ಟಿ’ ಜೋಡಣೆಗೆ ಬರುವ ವೇಳೆಗೆ ಅದು 0.04 ಮಿಲಿಮೀಟರಿಗೆ, ಎಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆಗೆ, ಇಳಿಯುತ್ತದೆ. ಒಂದು ತುಂಡಿನಲ್ಲಿ ‘ಟಿ’ ಅಕ್ಷರದ ಆಕಾರ ಹೊರಚಾಚಿರಬೇಕು. ಇನ್ನೊಂದರಲ್ಲಿ ಅದೇ ಆಕಾರ ಒಳಕ್ಕೆ ಕೊರೆದಿರಬೇಕು. ಒಂದರೊಳಗೊಂದು ಬೆಣ್ಣೆಯಂತೆ ಜಾರಬೇಕು. ನಾನು ಎಡಮಗ್ಗುಲನ್ನು ಹೆಚ್ಚು ಉಜ್ಜಿಬಿಟ್ಟೆ. ಉಜ್ಜಿದ ಉಕ್ಕು ಮರಳಿ ಬಾರದು. ಒಪ್ಪಿಸಲು ಉಳಿದಿದ್ದುದು ಒಂದು ಗಂಟೆ. ಆ ತಿಂಗಳ ಅಂಕಪಟ್ಟಿ ತಂದೆಯವರ ಕೈಸೇರುವುದಿತ್ತು.

ಹಿರಿಯ ಹುಡುಗನೊಬ್ಬ ಉಪಾಯ ಹೇಳಿಕೊಟ್ಟ. ಸುತ್ತಿಗೆಯ ಗುಂಡುಮುಖದಿಂದ ಸಂದಿನ ಅಂಚನ್ನು ಮೆಲ್ಲಗೆ ಬಡಿದರೆ ಉಕ್ಕು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಮೇಲೆ ನಯವಾದ ಅರ ಆಡಿಸಿದರೆ ಪೆಟ್ಟಿನ ಗುರುತೂ ಮಾಯ. ಹಾಗೆಯೇ ಮಾಡಿದೆ.

ಬೋಧಕರು ಜೋಡಿಯನ್ನು ಬೆಳಕಿಗೆ ಹಿಡಿದರು. ಒಂದೆಳೆಯೂ ನುಸುಳಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಅವರು ಅದನ್ನು ನನಗೇ ಮರಳಿಸಿ, “ತಿರುಪ್ಪಿ ಪೋಡು” ಎಂದರು. ತಿರುಗಿಸಿ ಹಾಕು! ಸರಿಯಾದ ಜೋಡಣೆ ಹಿಂದುಮುಂದಾಗಿ ತೊಡಿಸಿದರೂ ಕೂಡಿಕೊಳ್ಳಬೇಕು. ನನ್ನದು ಅರ್ಧಕ್ಕೇ ನಿಂತಿತು; ಎಡಗಡೆ ಬಡಿದೆಬ್ಬಿಸಿದ ಉಬ್ಬು ಸರಿಯಾಗಿದ್ದ ಮಗ್ಗುಲಿಗೆ ಅಡ್ಡವಾಗಿತ್ತು. ಬಲಗಡೆಯ ಸಂದಿನಲ್ಲಿ ಕಿಟಕಿಯ ಬೆಳಕು ಗೆರೆಯಾಗಿ ಹೊಳೆಯಿತು.

ಅವರು ಬೈಯಲಿಲ್ಲ. ಅಂಕದ ಚೀಟಿಯನ್ನು ಮುಂದಿಟ್ಟು ನೀನೇ ತುಂಬು ಎಂದರು. ಅಳತೆ, ಲಂಬ, ಜೋಡಣೆ, ನಯ, ವೇಳೆ ಎಂದು ಐದು ಸಾಲು. ಜೋಡಣೆಗೆ ಸೊನ್ನೆ ಹಾಕಿದೆ. ನಾಚಿಕೆಯಿಂದ ಅಳತೆಗೂ ಸೊನ್ನೆ ಹಾಕಿದೆ. ಅವರು ವರ್ನಿಯರಿನಿಂದ ಸಾವಧಾನವಾಗಿ ಅಳೆದು, ಕೆಡದೆ ಉಳಿದಿದ್ದ ಅಳತೆಗಳಿಗೆಲ್ಲ ಅಂಕ ಸೇರಿಸಿ, “ಕಡಿಮೆ ಹೇಳಿಕೊಂಡರೂ ಸುಳ್ಳು ಸುಳ್ಳೇ” ಎಂದರು. ನನಗೆ ಬಂದುದು ತೇರ್ಗಡೆಗೆ ಸಾಲದ ಅಂಕ. ಮನೆಯಲ್ಲಿ ತಂದೆಯವರು ಚೀಟಿಯನ್ನು ನೋಡಿ, ಇದು ಯಾರ ಕೈಬರಹ ಎಂದು ಕೇಳಿದರು. ನನ್ನದೇ ಎಂದೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಮಡಿಸಿ ಜೇಬಿನಲ್ಲಿಟ್ಟುಕೊಂಡರು. ವರ್ಷದ ಗಡುವಿನ ಮಾತು ಮತ್ತೆ ಬರಲಿಲ್ಲ.

ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳಲಾರೆ. ಬೇರೆ ಒಂದೆಡೆ ನಾನು ಕಂಡ ಪರೀಕ್ಷಕರೊಬ್ಬರು ಹುಡುಗರ ದಾಖಲೆ ಪುಸ್ತಕದ ಚಿತ್ರಗಳು ಅಂದವಾಗಿವೆಯೇ ಎಂದಷ್ಟೇ ನೋಡಿ, ಉಕ್ಕನ್ನು ಮುಟ್ಟದೆಯೇ ಅಂಕ ಕೊಟ್ಟರು. ಚಿತ್ರವನ್ನು ತಿರುಗಿಸಿ ಹಾಕಿ ನೋಡುವಂತಿಲ್ಲವಷ್ಟೆ! ನಿಯಮಗಳೇನೋ ಒಳ್ಳೆಯವೇ. ಇತ್ತೀಚಿನ ಪಠ್ಯಕ್ರಮದಂತೆ ಕೈಕೆಲಸದಲ್ಲಿಯೂ ವರ್ಷವಿಡೀ ನಡೆಯುವ ಮೌಲ್ಯಮಾಪನದಲ್ಲಿಯೂ ನೂರಕ್ಕೆ 60 ಬಂದರೇ ತೇರ್ಗಡೆ; ಉಳಿದ ವಿಷಯಗಳಿಗೆ 33 ಸಾಕು. ಆಗಾಗ ಸಹಾಯ ಪಡೆದು ಮುಗಿಸಿದವನಿಗೆ 60ರಿಂದ 75, ಬಹುಮಟ್ಟಿಗೆ ತಾನಾಗಿಯೇ ಮುಗಿಸಿದವನಿಗೆ 90ರ ಮೇಲೆ. ಸಹಾಯ ಬೇಡಿದುದು ಅಪರಾಧವಲ್ಲ, ಅದಕ್ಕೂ ಒಂದು ದರ್ಜೆ ಉಂಟು ಎಂಬುದು ನನಗೆ ಬಹಳ ಹಿಡಿಸಿತು. ಅಂದು ನಾನು ಹಿರಿಯ ಹುಡುಗನನ್ನು ಬಿಟ್ಟು ಬೋಧಕರನ್ನೇ ಕೇಳಿದ್ದರೆ!

ಈ ಊರಿಗೆ ಇಂಥ ಪರೀಕ್ಷೆ ಹೊಸದೂ ಅಲ್ಲ. 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರು ಇಲ್ಲಿ ತೆರೆದ ಕಲಾಶಾಲೆಯಲ್ಲಿ 1898ರ ಸುಮಾರಿಗೆ ಆಲ್ಫ್ರೆಡ್ ಚಾಟರ್ಟನ್ ಅವರು ಅಲ್ಯೂಮಿನಿಯಂ ಪಾತ್ರೆ ಮಾಡುವ ಕೆಲಸವನ್ನು ಆರಂಭಿಸಿದರು. ಆ ಕೆಲಸ ಬೆಳೆದು ಒಂದು ಕಂಪನಿಯೇ ಆಯಿತು. ಅಡಿಗೆಮನೆಯ ಹೆಂಗಸರಿಗಿಂತ ಕಟ್ಟುನಿಟ್ಟಾದ ಪರೀಕ್ಷಕರು ಪಾತ್ರೆಗೆ ಬೇರೆ ಯಾರಿದ್ದಾರು? ಅದೇ ಚಾಟರ್ಟನ್ನರು 1912ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾದ ವರ್ಷವೇ, ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಹೋದರು.

ಈಗ ನಾನೊಂದು ಕಾರ್ಖಾನೆಯಲ್ಲಿ ದುಡಿಯುತ್ತ, ಹೊಸದಾಗಿ ಬರುವ ಅಪ್ರೆಂಟಿಸರಿಗೆ ಕೆಲಸ ಹೇಳಿಕೊಡುತ್ತೇನೆ. ಆ ಹಳೆಯ ‘ಟಿ’ ಜೋಡಿ ನನ್ನ ಮೇಜಿನ ಖಾನೆಯಲ್ಲಿದೆ. ತಿಂಗಳಿಗೊಮ್ಮೆ ಎಣ್ಣೆ ಸವರುತ್ತೇನೆ. ಹೊಸಬರ ಕೈಗೆ ಅದನ್ನು ಕೊಟ್ಟು, ಎಷ್ಟು ಅಂಕ ಕೊಡುವಿರಿ ಎಂದಷ್ಟೇ ಕೇಳುತ್ತೇನೆ. ಬಹುಮಂದಿ ಬೆಳಕಿಗೆ ಹಿಡಿದು ತೊಂಬತ್ತು ಎನ್ನುತ್ತಾರೆ. ಮೊನ್ನೆ ಬಂದ ಹುಡುಗಿಯೊಬ್ಬಳು ಏನೂ ಹೇಳದೆ ತುಂಡನ್ನು ಹೊರತೆಗೆದು, ಅಂಚಿನ ಮೇಲೆ ಉಗುರು ಎಳೆದು ನೋಡಿ, ತಿರುಗಿಸಿ ಹಾಕಿದಳು. ಅದು ಎಂದಿನಂತೆ ಅರ್ಧಕ್ಕೇ ನಿಂತಿತು. “ಇದನ್ನು ಯಾರು ಮಾಡಿದ್ದು, ಸಾರ್?” ಎಂದಳು.